ಸೋಮವಾರ ಕೆಡುವ ಕಂಪ್ಯೂಟರ್

ಡ್ರೈವರಕ್ಕನಿಗೆ ಸೈಕಲ್ ಹೊಡೆಯುವುದೂ ಬರುತ್ತಿರಲಿಲ್ಲ. ಬಸ್ಸು ಓಡಿಸುತ್ತಿದ್ದವನು ಅವಳ ಗಂಡ. ಹಾಗಾಗಿ ಬೀದಿಗೆ ಹೊಸದಾಗಿ ಬಂದವರು, ಡ್ರೈವರನ ಹೆಂಡತಿ ಅನ್ನುವ ಕಾರಣಕ್ಕೆ ಅವಳಿಗೆ ಆ ಹೆಸರು ಬಂದಿದೆ ಎಂದೇ ತಿಳಿದುಕೊಳ್ಳುತ್ತಿದ್ದರು. ಅವರು ಹಾಗೆ ತಿಳಿದುಕೊಂಡರೆ ಗಂಡನಿಗೂ ಒಳಗೊಳಗೇ ಖುಷಿ. ಆದರೆ ಹೆಸರಿಟ್ಟವನು ಎದುರು ಸಾಲಿನ ಟೈಲರ್.

ಟೈಲರನ ಮನೆಯಲ್ಲೊಂದು ಹಳೇ ಕಂಪ್ಯೂಟರ್, ಅದಕ್ಕೊಂದು ಅದಕ್ಕಿಂತ ಹಳೇ ಪ್ರಿಂಟರ್. ಒಂದು ದಿನ ಪ್ರಿಂಟರ್ ಮಾತು ಕೇಳುವುದನ್ನು ನಿಲ್ಲಿಸಿತು. ಅವಳು ಬಂದು ನೋಡಿ, "ಏನೂ ಆಗಿಲ್ಲ, ಡ್ರೈವರ್ ಹೋಗಿದೆ ಅಷ್ಟೆ" ಎಂದಳು.

"ಎಲ್ಲಿಗೆ?" ಎಂದ ಟೈಲರ್.

ಅವಳು ನಗದೆ ವಿವರಿಸಿದಳು. "ಕಂಪ್ಯೂಟರಿಂದು ಒಂದು ಭಾಷೆ, ಪ್ರಿಂಟರಿಂದು ಇನ್ನೊಂದು. ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ದಾಟಿಸೋಕೆ ಒಳಗೆ ಒಂದು ಸಣ್ಣ ಪ್ರೋಗ್ರಾಂ ಇರುತ್ತೆ. ಅದಕ್ಕೆ ಡ್ರೈವರ್ ಅಂತಾರೆ. ಅದು ಅಳಿಸಿ ಹೋದ್ರೆ ಎರಡೂ ಮುಖ ತಿರುಗಿಸಿಕೊಂಡು ಕೂತ್ಕೋತವೆ."

ಟೈಲರ್ ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ನಮ್ಮನೇಲಿ ನಾನೇ ಡ್ರೈವರ್. ನಮ್ಮಮ್ಮನಿಗೂ ನನ್ನ ಹೆಂಡ್ತಿಗೂ ನಡುವೆ" ಎಂದ. ಪ್ರಿಂಟರ್ ಸರಿಹೋದ ಮೇಲೆ ಈ ಕಥೆಯನ್ನು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳಿದ. ವಾರದೊಳಗೆ ಅವಳ ಹುಟ್ಟಿದ ಹೆಸರು ಮೂಲೆ ಸೇರಿ, ಡ್ರೈವರಕ್ಕ ಅನ್ನುವುದೇ ನಿಂತಿತು.

ಅವಳು ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಇಪ್ಪತ್ತೈದನೇ ವಯಸ್ಸಿನಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಕಸ ಗುಡಿಸಿ, ಹಾಜರಿ ಹಾಕುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಯಂತ್ರ ಕೆಟ್ಟರೆ ಮೆಕ್ಯಾನಿಕ್ ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ವಾರಗಟ್ಟಲೆ ಆಟ ಆಡಿಸುತ್ತಿದ್ದ. ಕೊನೆಗೊಮ್ಮೆ ಬಂದಾಗ ಅವನ ಬೆನ್ನ ಹಿಂದೆ ಪೊರಕೆ ಹಿಡಿದು ನಿಂತು ಅವಳು ಎಲ್ಲವನ್ನೂ ನೋಡಿಕೊಂಡಳು. ಮುಂದಿನ ಸಲ ಯಂತ್ರ ಕೆಟ್ಟಾಗ ಅವನು ಬರುವಷ್ಟರಲ್ಲಿ ಅದು ನಡೆಯುತ್ತಿತ್ತು. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಹದಿನಾರು ವರ್ಷದ ನಂತರ ಕೇಂದ್ರ ಬಾಗಿಲು ಹಾಕಿತು. ಯಾರಿಗೂ ಬೇಡವಾದ ಯಂತ್ರಗಳು, ಡಬ್ಬಗಟ್ಟಲೆ ಡ್ರೈವರ್ ಡಿಸ್ಕುಗಳು ಅವಳ ಮನೆಯ ಮುಂದಿನ ಕೋಣೆಗೆ ಬಂದವು. ಆ ಕೋಣೆಯೇ ಅಂಗಡಿಯಾಯಿತು.

ದೊಡ್ಡ ಅಂಗಡಿಗಳಲ್ಲಿ "ಇದನ್ನ ಎಸೆದು ಹೊಸದು ತಗೊಳ್ಳಿ" ಅನ್ನಿಸಿಕೊಂಡು ಬೇಜಾರಾದವರು ಅವಳ ಹತ್ತಿರ ಬರುತ್ತಿದ್ದರು. ಒಬ್ಬರು "ನಮ್ಮ ಕಂಪ್ಯೂಟರಿಗೆ ಬಾಯಿ ಬಿದ್ದುಹೋಗಿದೆ" ಅನ್ನುತ್ತಿದ್ದರು, ಇನ್ನೊಬ್ಬರು "ಕಣ್ಣು ಮಂಜಾಗಿದೆ" ಅನ್ನುತ್ತಿದ್ದರು. ಸೌಂಡು, ಸ್ಕ್ರೀನು ಎಂದು ಅವಳೇ ಅರ್ಥ ಮಾಡಿಕೊಳ್ಳುತ್ತಿದ್ದಳು. ಗೋಡೆಯುದ್ದಕ್ಕೂ ಔಷಧಿ ಅಂಗಡಿಯ ಹಾಗೆ ಸಣ್ಣ ಸಣ್ಣ ಗೂಡುಗಳು. ಒಂದೊಂದರಲ್ಲೂ ಒಂದೊಂದು ಕಾರ್ಡಿನ ಡಿಸ್ಕು, ಮೇಲೆ ಅವಳ ದುಂಡು ಅಕ್ಷರದ ಚೀಟಿ. ಐವತ್ತೊಂದನೇ ವಯಸ್ಸಿನಲ್ಲಿ ಅವಳಿಗೆ ಒಂದೇ ಕೊರತೆ ಅನ್ನಿಸುತ್ತಿತ್ತು. ಈ ಕೆಲಸದ ಸವಿಯನ್ನು ಹಂಚಿಕೊಳ್ಳಲು ಒಬ್ಬರೂ ಇರಲಿಲ್ಲ. ಗಂಡನಿಗೆ ಹೇಳಿದರೆ ಅವನು ಭಕ್ತಿಯಿಂದ ಕೇಳಿಸಿಕೊಂಡು, ಕೊನೆಗೆ "ಅಂದ್ರೆ ಈಗ ಆನ್ ಆಗುತ್ತಲ್ಲ?" ಎಂದು ಕೇಳುತ್ತಿದ್ದ.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ಮುಂದಿನ ಅಡ್ಡಬೀದಿಯ ಬೇಕರಿಯವರು ಏದುಸಿರು ಬಿಡುತ್ತ ಬಂದರು. ದಪ್ಪ ಮೈಕಟ್ಟು, ಗಿಣ್ಣುಗಳ ಸಂದಿಯಲ್ಲೂ ಮೈದಾ ಹಿಟ್ಟು. ತೋಳಲ್ಲಿ ಹಳದಿಗಟ್ಟಿದ ಒಂದು ಕಂಪ್ಯೂಟರ್ ಪೆಟ್ಟಿಗೆಯನ್ನು ಮಗುವಿನ ಹಾಗೆ ಅಪ್ಪಿಕೊಂಡಿದ್ದರು. ಸೋಮವಾರ ಬೇಕರಿಗೆ ರಜೆ.

"ಅಕ್ಕಾ, ಇದು ಆನ್ ಮಾಡಿದ್ರೆ ಕೂಗುತ್ತೆ, ಏನೂ ತೋರಿಸಲ್ಲ. ಕೇಕ್ ಡಬ್ಬದ ಮೇಲೆ ಅಂಟಿಸೋ ಚೀಟಿ ಎಲ್ಲ ಇದರಲ್ಲೇ ಮಾಡೋದು. ನಮ್ಮ ಅತ್ತೆಯವರದ್ದು ಯಂತ್ರ, ಹೊಸದು ತರ್ತೀನಿ ಅಂದ್ರೆ ಅವರು ಕೇಳಲ್ಲ."

ಅವಳು ಹಚ್ಚಿ ನೋಡಿದಳು. ಉದ್ದನೆಯ ಕೂಗು, ನಿಂತು ಮತ್ತೊಂದು ಕೂಗು. ಒಳಗಿನ ಮೆಮೊರಿ ಪಟ್ಟಿ ಸಡಿಲವಾದಾಗ ಬರುವ ಕೂಗು ಅದು. ತೆಗೆದು, ಅದರ ಹೊಳೆಯುವ ಅಂಚನ್ನು ರಬ್ಬರಿನಿಂದ ಉಜ್ಜಿ, ಎರಡೂ ಕಡೆ 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿದಳು. ಹತ್ತು ನಿಮಿಷದ ಕೆಲಸ. ಬೇಕರಿಯವರು ಪೆಟ್ಟಿಗೆ ಹೊತ್ತು ಹೋದರು.

ಮುಂದಿನ ಸೋಮವಾರ ಅದೇ ಪೆಟ್ಟಿಗೆ ಮತ್ತೆ ಬಂತು. ಈ ಸಲ ಫ್ಲಾಪಿ ಡ್ರೈವಿನ ಹಸಿರು ದೀಪ ಹತ್ತಿದ್ದು ಆರುತ್ತಲೇ ಇರಲಿಲ್ಲ. ಒಳಗೆ ನೋಡಿದರೆ ಅದರ ಪಟ್ಟಿ ವೈರು ಉಲ್ಟಾ ಕೂತಿತ್ತು. ವೈರು ತಾನಾಗಿ ಎದ್ದು ಮಗ್ಗುಲು ಬದಲಾಯಿಸುವುದಿಲ್ಲ.

"ಯಾರಾದ್ರೂ ಒಳಗೆ ಕೈ ಹಾಕಿದ್ರಾ?"

"ಯಾರ್ ಹಾಕ್ತಾರೆ ಅಕ್ಕಾ? ನನಗೆ ಅದರ ಮುಂದು ಯಾವುದು ಹಿಂದು ಯಾವುದು ಅಂತ್ಲೇ ಗೊತ್ತಿಲ್ಲ."

ಮೂರನೇ ಸೋಮವಾರ ಪ್ರಿಂಟರ್ ಕೆಲಸ ಮಾಡುತ್ತಿರಲಿಲ್ಲ. ಡ್ರೈವರ್ ಇತ್ತು, ವೈರು ಸರಿಯಿತ್ತು. ಆದರೆ ಯಂತ್ರದ ಮೂಲ ಸೆಟಪ್ಪಿನಲ್ಲಿ, ಸಾಮಾನ್ಯರು ಜನ್ಮದಲ್ಲಿ ಇಣುಕದ ಜಾಗದಲ್ಲಿ, ಯಾರೋ ಪ್ರಿಂಟರಿನ ಬಾಗಿಲನ್ನೇ ಬಂದ್ ಮಾಡಿದ್ದರು. ನಾಲ್ಕನೇ ಸೋಮವಾರ ಯಂತ್ರಕ್ಕೆ ತನ್ನ ಹಾರ್ಡ್ ಡಿಸ್ಕೇ ಕಾಣುತ್ತಿರಲಿಲ್ಲ. ಡಿಸ್ಕಿನ ಹಿಂಬದಿಯಲ್ಲಿ ಜಂಪರ್ ಎಂಬ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಕರಿ ತುಣುಕು ಇರುತ್ತದೆ. ಒಂದೇ ವೈರಿನಲ್ಲಿರುವ ಎರಡು ಡ್ರೈವುಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಹೇಳುವುದು ಅದು. ಅದನ್ನು ಒಂದು ಮನೆ ಪಕ್ಕಕ್ಕೆ ಸರಿಸಿದ್ದರಿಂದ ಎರಡು ಡ್ರೈವುಗಳೂ 'ನಾನು ಹಿಂದೆ, ನಾನು ಹಿಂದೆ' ಎಂದು ಕೂತಿದ್ದವು.

ಡ್ರೈವರಕ್ಕ ಬೇಕರಿಯವರ ಬೆರಳುಗಳನ್ನು ನೋಡಿದಳು. ಒಂದೊಂದೂ ಒಂದೊಂದು ಬನ್ನಿನ ಗಾತ್ರ. ಆ ಬೆರಳಿಗೆ ಜಂಪರ್ ಸಿಕ್ಕುವ ಮಾತೇ ಇರಲಿಲ್ಲ. ಪೆಟ್ಟಿಗೆಯ ಸ್ಕ್ರೂಗಳನ್ನು ನೋಡಿದಳು. ತಲೆಯ ಮೇಲೆ ಒಂದು ಗೀರೂ ಇಲ್ಲ. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ಹಿಡಿದು ಪಳಗಿದ ಕೈ ಯಾರದೋ.

"ನಿಮ್ಮ ಅತ್ತೆಯವರು ಇಡೀ ದಿನ ಏನ್ ಮಾಡ್ತಾರೆ?" ಎಂದು ಸುಮ್ಮನೆ ಕೇಳುವವಳ ಹಾಗೆ ಕೇಳಿದಳು.

"ಪಾಪ, ಏನ್ ಮಾಡ್ತಾರೆ. ಎಪ್ಪತ್ನಾಲ್ಕು ವರ್ಷ. ಮಂಡಿ ಹಿಡ್ಕೊಂಡಿದೆ, ಮೆಟ್ಟಿಲು ಇಳಿದು ಎರಡು ವರ್ಷ ಆಯ್ತು. ನಾನೂ ನನ್ನ ಹೆಂಡ್ತಿಯೂ ಕೆಳಗೆ ಅಂಗಡೀಲಿ ಇರ್ತೀವಿ, ಅವರೊಬ್ಬರೇ ಮೇಲೆ."

"ಮೊದಲು ಕೆಲಸಕ್ಕೆ ಹೋಗ್ತಿದ್ರಾ?"

"ಹೂಂ, ಟೆಲಿಫೋನ್ ಎಕ್ಸ್‌ಚೇಂಜಲ್ಲಿ. ಅದೇನೋ ಲೈನ್ ಕೆಟ್ರೆ ಎಲ್ಲಿ ಕೆಟ್ಟಿದೆ ಅಂತ ಹುಡುಕೋದಂತೆ. ಮೂವತ್ತು ವರ್ಷ ಅದನ್ನೇ ಮಾಡಿದ್ದಾರೆ."

ಡ್ರೈವರಕ್ಕ ತಲೆ ತಗ್ಗಿಸಿ ಸ್ಕ್ರೂ ಬಿಗಿಸತೊಡಗಿದಳು. ಮುಖ ಎತ್ತಿದರೆ ನಗು ಕಾಣುತ್ತದೆ ಎಂಬ ಭಯ. ಪೆಟ್ಟಿಗೆ ಮುಚ್ಚುವ ಮುನ್ನ ಒಂದು ಚೀಟಿ ಬರೆದು ಒಳಗೆ ಅಂಟಿಸಿದಳು. 'ಜಂಪರ್ ಚೆನ್ನಾಗಿತ್ತು ಅಮ್ಮ. ಇದಕ್ಕಿಂತ ಕಷ್ಟದ್ದು ಇದ್ದರೆ ಕಳಿಸಿ.'

ಆ ವಾರ ಅವಳಿಗೆ ದಿನಗಳೇ ಸಾಗಲಿಲ್ಲ. ಸೋಮವಾರ ಗಂಡ ಇನ್ನೂ ಡ್ಯೂಟಿಗೆ ಹೊರಟಿರಲಿಲ್ಲ, ಆಗಲೇ ಅಂಗಡಿಯ ಬಾಗಿಲು ತೆರೆದು ಕೂತಳು. ಬೇಕರಿಯವರು ಬಂದರು. ಮುಖದಲ್ಲಿ ಅಪರಾಧ ಮಾಡಿದವರ ಸಂಕೋಚ. "ಈ ಸಲ ಬಣ್ಣ ಎಲ್ಲ ಕೆಟ್ಟಿದೆ ಅಕ್ಕಾ. ಸೌಂಡೂ ಇಲ್ಲ. ನನಗೆ ನಿಮ್ಮ ಮುಖ ನೋಡೋಕೇ ನಾಚಿಕೆ" ಎನ್ನುತ್ತ ಬಿಸಿ ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ರಜೆಯ ದಿನ ಮನೆಯವರಿಗೆಂದು ಸಣ್ಣ ಒಲೆಯಲ್ಲಿ ಸುಟ್ಟದ್ದಂತೆ.

ಅವರು ಹೋದ ಮೇಲೆ ಪೆಟ್ಟಿಗೆ ಬಿಚ್ಚಿದಳು. ಅವಳ ಚೀಟಿ ಇರಲಿಲ್ಲ. ಆ ಜಾಗದಲ್ಲಿ ಬೇರೊಂದು ಚೀಟಿ, ಹಳೇ ಕಾಲದ ಬಾಗಿದ ಬರವಣಿಗೆ. 'ಒಂದಲ್ಲ, ಎರಡು.'

ಬಣ್ಣದ ಗುಟ್ಟು ಬೇಗ ಸಿಕ್ಕಿತು. ಸ್ಕ್ರೀನಿಗೆ ಚಿತ್ರ ಕಳಿಸುವ ಡಿಸ್‌ಪ್ಲೇ ಕಾರ್ಡಿನ ಸರಿಯಾದ ಡ್ರೈವರ್ ತೆಗೆದು, ಅದರ ಅಕ್ಕತಂಗಿಯಂಥ ಬೇರೆ ಕಾರ್ಡಿನ ಡ್ರೈವರ್ ಹಾಕಿದ್ದರು. ಗೂಡಿನಿಂದ ಡಿಸ್ಕು ತೆಗೆದು ಸರಿಪಡಿಸಿದಳು. ಸೌಂಡು ಮಾತ್ರ ಬಗ್ಗಲಿಲ್ಲ. ಡ್ರೈವರ್ ತೆಗೆದು ಹಾಕಿದಳು. ಕಾರ್ಡ್ ಕಿತ್ತು ಬೇರೆ ಸಂದಿಗೆ ಹಾಕಿದಳು. ಸ್ಪೀಕರ್ ಬದಲಾಯಿಸಿದಳು. ಊಟ ಆರಿತು. ಗಂಡ ಬೆಳಗಿನ ಪಾಳಿ ಮುಗಿಸಿ ಬಂದು ಅವಳ ಹಿಂದೆ ನಿಂತು ನೋಡುತ್ತಿದ್ದವನು, "ಅಲ್ಲಿ ಕೆಳಗೆ ಸಣ್ಣ ಸ್ಪೀಕರ್ ಚಿತ್ರ ಇದೆಯಲ್ಲ, ಅದರ ಮೇಲೆ ಕೆಂಪು ಗೆರೆ ಯಾಕೆ?" ಎಂದು ಕೇಳಿದ.

ಸೌಂಡನ್ನು ಬರೀ ಮ್ಯೂಟ್ ಮಾಡಿದ್ದರು. ಪುಟ್ಟ ಮಗುವೂ ಒತ್ತಬಹುದಾದ ಗುಂಡಿ. ಡ್ರೈವರಕ್ಕ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಪೆಟ್ಟಿಗೆಯ ಇನ್ನೊಂದು ಬದಿಯ ಹಲಗೆ ಬಿಚ್ಚಿದಾಗ ಮತ್ತೊಂದು ಚೀಟಿ ಸಿಕ್ಕಿತು. 'ಸೌಂಡಿಗೆ ಎಷ್ಟು ಹೊತ್ತು ಹಿಡಿಯಿತು?'

"ಯಾರದು ಇದು?" ಎಂದ ಗಂಡ. ಅವಳು ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡು, "ಅಂದ್ರೆ ಆ ಬೇಕರಿಯವರು ಪೋಸ್ಟ್‌ಮ್ಯಾನ್ ಅಂತ ಅವರಿಗೇ ಗೊತ್ತಿಲ್ವಾ?" ಎಂದ.

"ಹೇಳಿಬಿಡ್ಲಾ?"

"ಹೇಳಬೇಡ. ಆ ಅಜ್ಜಿಗೆ ವಾರಕ್ಕೊಂದು ಸಂತೋಷ. ನೀನೂ ಈಗ ಸೋಮವಾರ ಬಂತು ಅಂದ್ರೆ ಮದುವೆ ಮನೆಗೆ ಹೊರಟವಳ ಹಾಗೆ ಓಡಾಡ್ತೀಯ."

ಅಂದಿನಿಂದ ಅವಳು ಆ ವೃದ್ಧೆಯನ್ನು ಎಕ್ಸ್‌ಚೇಂಜಮ್ಮ ಎಂದು ಕರೆಯತೊಡಗಿದಳು. ಬೇಕರಿಯವರಿಂದ ಏನೂ ತೆಗೆದುಕೊಳ್ಳಲಿಲ್ಲ. "ಇದು ಗ್ಯಾರಂಟಿಯಲ್ಲಿದೆ" ಎಂದುಬಿಟ್ಟಳು. ಬರೀ ಉತ್ತರ ಕೊಡುತ್ತ ಕೂರುವುದೂ ಸರಿಕಾಣಲಿಲ್ಲ. ಸೌಂಡ್ ಸರಿಮಾಡಿದವಳೇ, ಒಳಗಿದ್ದ, ಫೋನ್ ಲೈನಿಗೆ ಸಿಕ್ಕಿಸುವ ಹಳೇ ಮೋಡೆಮ್ ಕಾರ್ಡಿನ ಜಂಪರ್ ಒಂದನ್ನು ಸರಿಸಿ, ಮೌಸ್ ಬಳಸುವ ದಾರಿಯನ್ನೇ ಮೋಡೆಮ್ಮಿಗೂ ಕೊಟ್ಟಳು. ಮೌಸ್ ಚೆನ್ನಾಗಿ ಓಡುತ್ತದೆ, ಆದರೆ ಮೋಡೆಮ್ ಫೋನ್ ಹಚ್ಚಿದ ಕ್ಷಣಕ್ಕೆ ಕಲ್ಲಾಗುತ್ತದೆ.

"ರಿಪೇರಿಗೆ ಬಂದದ್ದನ್ನ ಕೆಡಿಸಿ ಕಳಿಸೋ ಅಂಗಡಿ ಲೋಕದಲ್ಲಿ ಇದೊಂದೇ ಇರಬೇಕು" ಎಂದ ಗಂಡ.

ಮುಂದಿನ ಸೋಮವಾರ ಉತ್ತರ ಬಂತು. 'ಎರಡು ಫೋನಿಗೆ ಒಂದೇ ಲೈನ್ ಕೊಟ್ಟಿದ್ದೀಯ. ಇಪ್ಪತ್ತು ನಿಮಿಷ ಹಿಡಿಯಿತು. ಅದರಲ್ಲಿ ಹತ್ತು ನಿಮಿಷ ಕನ್ನಡಕ ಹುಡುಕಿದ್ದು.'

ಹೀಗೆ ನಾಲ್ಕು ತಿಂಗಳು ನಡೆಯಿತು. ಮುಖ ನೋಡದ ಇಬ್ಬರು ಹೆಂಗಸರು ಒಬ್ಬರ ಕೈಬೆರಳನ್ನು ಇನ್ನೊಬ್ಬರು ಚೆನ್ನಾಗಿ ಬಲ್ಲವರಾದರು. ಎಕ್ಸ್‌ಚೇಂಜಮ್ಮ ಏನನ್ನೂ ಮುರಿಯುತ್ತಿರಲಿಲ್ಲ, ಅಳಿಸುತ್ತಿರಲಿಲ್ಲ. ಅಳಿಯನಿಗೆ ವಾರಕ್ಕೆ ಬೇಕಾದ ಚೀಟಿಗಳು ಅಚ್ಚಾದ ಮೇಲೆಯೇ, ಭಾನುವಾರ ಸಂಜೆ, ಕೈ ಹಾಕುತ್ತಿದ್ದರು. ಬೇಕರಿಯವರು ಮಾತ್ರ "ಕೆಡೋಕೂ ವಾರ ನೋಡ್ಕೊಂಡು ಕೆಡುತ್ತೆ ಇದು" ಎಂದು ಗೊಣಗುತ್ತ ಹೊರುತ್ತಿದ್ದರು.

ಆಮೇಲೆ ಒಂದು ಬುಧವಾರ ಯಂತ್ರ ಬಂತು.

"ಈ ಸಲ ಬೇರೆ ಥರ ಅಕ್ಕಾ. ಹಚ್ಚಿ ಇಪ್ಪತ್ತು ನಿಮಿಷ ಸರಿಯಾಗಿರುತ್ತೆ. ಆಮೇಲೆ ಸ್ಕ್ರೀನ್ ತುಂಬ ಗೆರೆ ಗೆರೆ. ಒಂದೊಂದು ಸಲ ನೀಲಿ ಬಣ್ಣ ಬಂದು ಇಂಗ್ಲಿಷಲ್ಲಿ ಏನೋ ಬೈಯುತ್ತೆ."

ಬೇಕರಿಯವರ ಹೆಂಡತಿ ಆ ಬೈಗುಳವನ್ನು ಒಂದು ಕಾಗದದಲ್ಲಿ ಬರೆದು ಕಳಿಸಿದ್ದಳು. ಅದರಲ್ಲಿ ಡಿಸ್‌ಪ್ಲೇ ಡ್ರೈವರಿನ ಹೆಸರು ಸ್ಪಷ್ಟವಾಗಿತ್ತು. ಪೆಟ್ಟಿಗೆಯೊಳಗೆ ಚೀಟಿ ಇರಲಿಲ್ಲ. 'ಓಹೋ, ಈ ಸಲ ಸುಳಿವೂ ಇಲ್ಲ' ಎಂದುಕೊಂಡು ಡ್ರೈವರಕ್ಕ ಸೆರಗು ಸಿಕ್ಕಿಸಿದಳು.

ಡ್ರೈವರ್ ತೆಗೆದು ಹೊಸದಾಗಿ ಹಾಕಿದಳು. ಯಂತ್ರ ಇಡೀ ದಿನ ನಡೆಯಿತು, ಒಂದು ಗೆರೆಯೂ ಬರಲಿಲ್ಲ. ಕಳಿಸಿದಳು. ಮಾರನೇ ದಿನವೇ ವಾಪಸ್ ಬಂತು. ಹಳೇ ಡ್ರೈವರ್ ಹಾಕಿದಳು, ಅದಕ್ಕಿಂತ ಹಳೇದು ಹಾಕಿದಳು. ಮೆಮೊರಿ ಬದಲಾಯಿಸಿದಳು. ವಿದ್ಯುತ್ ಕೊಡುವ ಪೆಟ್ಟಿಗೆ ಬದಲಾಯಿಸಿದಳು. ಅವಳ ಅಂಗಡಿಯಲ್ಲಿ ಯಂತ್ರ ಒಳ್ಳೇ ಮನೆತನದ ಹುಡುಗಿಯ ಹಾಗೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಿತ್ತು. ಆ ಮನೆಗೆ ಹೋದ ಕೂಡಲೇ ರಂಪ. ಬೇಕರಿಯವರು ಹತ್ತು ದಿನದಲ್ಲಿ ಆರು ಸಲ ಮೆಟ್ಟಿಲು ಹತ್ತಿ ಇಳಿದರು. ಕೇಕ್ ಡಬ್ಬಗಳ ಮೇಲೆ ಕೈಬರಹದ ಚೀಟಿಗಳು ಕಾಣಿಸಿಕೊಂಡವು. ಡ್ರೈವರಕ್ಕನಿಗೆ ಊಟ ರುಚಿಸಲಿಲ್ಲ. ಡ್ರೈವರ್ ಎಂದು ಹೆಸರಿಟ್ಟುಕೊಂಡವಳು ಡ್ರೈವರಿನ ಕೈಯಲ್ಲೇ ಸೋಲುವುದೇ?

ಗಂಡ ಹೇಳಿದ, "ಹೋಗಿ ಸೋತೆ ಅಂತ ಹೇಳಿಬಿಡು. ಆ ಅಮ್ಮನ್ನ ಒಂದು ಸಲ ಕಣ್ಣಾರೆ ನೋಡಿದ ಹಾಗೂ ಆಯ್ತು."

ಸೋಮವಾರ ಮಧ್ಯಾಹ್ನ ಅವಳು ಸ್ಕ್ರೂಡ್ರೈವರ್ ಚೀಲ ಹಿಡಿದು ಹೊರಟಳು. ಬೇಕರಿಯ ಮುಂಬಾಗಿಲು ಮುಚ್ಚಿತ್ತು. ಪಕ್ಕದ ಮೆಟ್ಟಿಲು ಕಡಿದಾಗಿತ್ತು. ಮೊದಲ ಮಹಡಿಯಲ್ಲಿ ಹಿಟ್ಟಿನ ಮೂಟೆಗಳು, ಎರಡನೆಯದರಲ್ಲಿ ಮನೆ. ಬೇಕರಿಯವರು ಬಾಗಿಲು ತೆರೆದು, ಒಳಗಿನ ಕೋಣೆ ತೋರಿಸಿದರು. ಮಂಚದ ಅಂಚಿನಲ್ಲಿ ಒಬ್ಬ ಸಣ್ಣ ಮೈಯ ವೃದ್ಧೆ ಕೂತಿದ್ದರು. ಬೆಳ್ಳಗಿನ ಗಿಡ್ಡ ಕೂದಲು, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಮಂಚಕ್ಕೆ ತಾಗಿಯೇ ಮೇಜು, ಮೇಜಿನ ಮೇಲೆ ಗೋಡೆಗೆ ಒತ್ತಿ ಇಟ್ಟ ಆ ಹಳದಿ ಪೆಟ್ಟಿಗೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಬೇಕರಿಯವರು ಚಹಾ ತರಲು ಹೋದರು.

"ಅಮ್ಮ, ಸೋತೆ ಅಂತ ಹೇಳೋಕೆ ಬಂದೆ" ಎಂದಳು ಡ್ರೈವರಕ್ಕ. "ಏನ್ ಮಾಡಿದ್ದೀರಿ ಹೇಳಿಬಿಡಿ."

ಎಕ್ಸ್‌ಚೇಂಜಮ್ಮ ಕನ್ನಡಕ ಏರಿಸಿದರು. "ನಾನು ನಿನ್ನನ್ನ ಅದೇ ಕೇಳೋಣ ಅಂತಿದ್ದೆ. ಇದು ನಾನು ಮಾಡಿದ್ದಲ್ಲ ಕಣಮ್ಮ. ನೀನೇ ಏನೋ ಸೇರಿಸಿ ಕಳಿಸಿದ್ದೀಯ ಅಂತ ಹತ್ತು ದಿನದಿಂದ ತಲೆ ಕೆರ್ಕೋತಿದ್ದೀನಿ."

"ನಾನೂ ಮಾಡಿದ್ದಲ್ಲ."

"ಹಾಗಾದ್ರೆ?"

"ಹಾಗಾದ್ರೆ ನಿಜವಾಗ್ಲೂ ಕೆಟ್ಟಿದೆ."

ಇಬ್ಬರ ಮುಖವೂ ಒಟ್ಟಿಗೆ ಅರಳಿತು. ಎಕ್ಸ್‌ಚೇಂಜಮ್ಮ ಮಂಚದಿಂದ ಮುಂದಕ್ಕೆ ಸರಿದು ಕುರ್ಚಿ ತೋರಿಸಿದರು. "ಕೂತ್ಕೊ. ನಿನ್ನ ಕಡೆ ಏನೇನು ಬದಲಾಯಿಸಿದೆ, ಒಂದೂ ಬಿಡದೆ ಹೇಳು."

ಅವಳು ಎಲ್ಲ ಹೇಳಿದಳು. ಅವರು ಬೆರಳು ಮಡಿಸುತ್ತ ಕೇಳಿದರು. ಆಮೇಲೆ, "ನಮ್ಮಲ್ಲಿ ಲೈನ್ ಕೆಟ್ರೆ ಮೊದಲು ಮಧ್ಯಕ್ಕೆ ಹೋಗ್ತಿದ್ವಿ. ತಪ್ಪು ಈ ಅರ್ಧದಲ್ಲಿದೆಯಾ, ಆ ಅರ್ಧದಲ್ಲಿದೆಯಾ? ಒಂದು ಅರ್ಧ ಬಿಟ್ಟು ಉಳಿದದ್ದನ್ನ ಮತ್ತೆ ಅರ್ಧ ಮಾಡೋದು. ನೀನು ಪೆಟ್ಟಿಗೆ ಒಳಗಿಂದು ಎಲ್ಲ ಬದಲಾಯಿಸಿದೆ. ನಿನ್ನ ಅಂಗಡೀಲಿ ಅದು ಒಂದು ಸಲವೂ ಕೆಡಲಿಲ್ಲ. ಅಂದ್ರೆ ತಪ್ಪು ಪೆಟ್ಟಿಗೆ ಒಳಗಿಲ್ಲ. ಆಚೆ ಇದೆ."

"ಕರೆಂಟು?"

ಅಳೆದು ನೋಡಿದರು. ಸರಿಯಾಗಿತ್ತು. ಯಂತ್ರ ಹಚ್ಚಿ ಕಾದರು. ಇಪ್ಪತ್ತು ನಿಮಿಷ ಆಯಿತು, ಅರ್ಧ ಗಂಟೆ ಆಯಿತು. ಒಂದು ಗೆರೆಯೂ ಬರಲಿಲ್ಲ.

"ನೀನು ಬಂದೆ ಅಂತ ನಾಟಕ ಆಡ್ತಿದೆ" ಎಂದರು ಎಕ್ಸ್‌ಚೇಂಜಮ್ಮ. "ನಿನ್ನೆ ಎರಡು ಸಲ ನಿಂತಿತ್ತು. ಹೋದ ಸೋಮವಾರವೂ ಹೀಗೇ, ಇಡೀ ದಿನ ಸುಮ್ಮನಿತ್ತು."

ಡ್ರೈವರಕ್ಕ ತಟ್ಟನೆ ತಲೆ ಎತ್ತಿದಳು. "ಸೋಮವಾರ ಮಾತ್ರ ಕೆಡಲ್ವಾ?"

"ಕೆಡಲಿಲ್ಲ."

"ಸೋಮವಾರ ಈ ಮನೇಲಿ ಏನು ಬೇರೆ ಇರುತ್ತೆ?"

ಚಹಾ ತಂದ ಬೇಕರಿಯವರು ಬಾಗಿಲಲ್ಲೇ ನಿಂತು, "ಏನಿಲ್ಲ ಅಕ್ಕಾ, ನನಗೆ ರಜೆ. ದೊಡ್ಡ ಒಲೆ ಹಚ್ಚಲ್ಲ, ಅಷ್ಟೆ" ಎಂದರು.

ಡ್ರೈವರಕ್ಕ ಎದ್ದು ಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಗೈ ಒತ್ತಿದಳು. "ಈ ಗೋಡೆ ಹಿಂದೆ ಏನಿದೆ?"

"ಒಲೆ ಹೊಗೆ ಹೋಗೋ ಕೊಳವೆ."

"ಈ ಮೇಜು ಮೊದಲಿಂದಲೂ ಇಲ್ಲೇ ಇತ್ತಾ?"

"ಇಲ್ಲ, ಆ ಕಿಟಕಿ ಹತ್ತಿರ ಇತ್ತು. ಅತ್ತೆಯವರಿಗೆ ಮಂಡಿ ನೋವು, ಅಲ್ಲಿ ತನಕ ನಡೀಬೇಕು. ಅದಕ್ಕೇ ಮಂಚದ ಪಕ್ಕಕ್ಕೆ ತಂದಿಟ್ಟೆ. ಎರಡು ವಾರ ಆಯ್ತೇನೋ. ಯಾಕೆ, ತಪ್ಪಾಯ್ತಾ?"

ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಡಿಸ್‌ಪ್ಲೇ ಕಾರ್ಡಿಗೆ ಫ್ಯಾನಿರಲಿಲ್ಲ, ಬರೀ ಅಲ್ಯುಮಿನಿಯಂ ಹಲ್ಲುಗಳು. ಸುತ್ತಲ ಗಾಳಿ ತಂಪಾಗಿದ್ದರೆ ಮಾತ್ರ ಅದರ ಬಿಸಿ ಇಳಿಯುತ್ತಿತ್ತು. ಕಾರ್ಡು ಕಾದು ತಡವರಿಸಿದಾಗ ಯಂತ್ರ ಪಾಪದ ಡ್ರೈವರ್ ಮೇಲೆ ಹೊರಿಸುತ್ತಿತ್ತು.

"ಇನ್ನೂ ಗ್ಯಾರಂಟಿ ಇಲ್ಲ. ನೋಡದೆ ಹೇಳಬಾರದು" ಎಂದರು ಎಕ್ಸ್‌ಚೇಂಜಮ್ಮ. "ಅಳಿಯಂದಿರೇ, ಸ್ವಲ್ಪ ಕೆಳಗೆ ಹೋಗಿ ದೊಡ್ಡ ಒಲೆ ಹಚ್ತೀರಾ?"

"ಇವತ್ತಾ? ರಜೆ ದಿನ? ಯಾಕೆ ಅತ್ತೆ?"

"ಕಂಪ್ಯೂಟರ್ ಕೆಡಿಸೋಕೆ."

ಬೇಕರಿಯವರು ಡ್ರೈವರಕ್ಕನ ಮುಖ ನೋಡಿದರು. ಅವಳೂ ಗಂಭೀರವಾಗಿ ತಲೆಯಾಡಿಸಿದಳು. ಇವರಿಬ್ಬರ ಜೊತೆ ವಾದಿಸಿ ಫಲವಿಲ್ಲ ಎಂದು ಅವರು ಇಳಿದು ಹೋದರು. ಒಲೆ ಹಚ್ಚಿದ ಮೇಲೆ ಬರೀ ಬಿಸಿ ಮಾಡಿ ಬಿಡುವುದು ಅವರ ಜಾಯಮಾನವಲ್ಲ. ಹೆಂಡತಿಯನ್ನು ಕರೆದು ಹಿಟ್ಟು ಕಲಸಲು ನಿಂತರು.

ಮೇಲೆ ಇಬ್ಬರೂ ಕಾಯುತ್ತ ಕೂತರು. ಎಕ್ಸ್‌ಚೇಂಜಮ್ಮ ಹಳೇ ಕಥೆಗಳನ್ನು ತೆಗೆದರು. ಮೈಲುಗಟ್ಟಲೆ ಕೇಬಲ್ಲಿನಲ್ಲಿ ಇಲಿ ಕಡಿದ ಒಂದು ಜಾಗವನ್ನು ಕುರ್ಚಿಯಿಂದ ಏಳದೆ ಹುಡುಕಿದ್ದು, ಮೇಲಧಿಕಾರಿ ನಂಬದೆ ಗುದ್ದಲಿಯವರನ್ನು ಕಳಿಸಿ ಅಗೆಸಿದಾಗ ಅದು ಸರಿಯಾಗಿ ಅಲ್ಲೇ ಸಿಕ್ಕಿ ಬೇಸ್ತುಬಿದ್ದದ್ದು. ಡ್ರೈವರಕ್ಕ ಪೊರಕೆ ಹಿಡಿದು ವಿದ್ಯೆ ಕದ್ದ ಕಥೆ ಹೇಳಿದಳು. ಯಾರೂ "ಈಗ ಆನ್ ಆಗುತ್ತಲ್ಲ?" ಎಂದು ಕೇಳಲಿಲ್ಲ. ಅವರು ಕೇಳಿದ್ದು, "ಆ ಮೆಕ್ಯಾನಿಕ್ ಯಾವ ಕಾರ್ಡ್ ಮೊದಲು ತೆಗೀತಿದ್ದ?" ಅವಳು ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

ಒಂದೂವರೆ ಗಂಟೆ ಕಳೆಯಿತು. ಗೋಡೆ ಮೊದಲು ಬೆಚ್ಚಗಾಯಿತು, ಆಮೇಲೆ ಕೈ ಇಟ್ಟರೆ ತೆಗೆಯುವಷ್ಟು ಬಿಸಿಯಾಯಿತು. ಮತ್ತೆ ಹದಿನೈದು ನಿಮಿಷ. ಸ್ಕ್ರೀನಿನ ಮೂಲೆಯಲ್ಲಿ ಒಂದು ಹಸಿರು ಗೆರೆ ಮೂಡಿತು.

"ಬಂತು" ಎಂದು ಪಿಸುಗುಟ್ಟಿದರು ಎಕ್ಸ್‌ಚೇಂಜಮ್ಮ.

ಎರಡು ಗೆರೆ, ಹತ್ತು ಗೆರೆ. ಸ್ಕ್ರೀನ್ ಒಮ್ಮೆ ನಡುಗಿ ನೀಲಿಯಾಗಿ ನಿಂತಿತು. ಇಬ್ಬರೂ ಚಪ್ಪಾಳೆ ತಟ್ಟಿದರು. ಶಬ್ದ ಕೇಳಿ ಬೇಕರಿಯವರು ಹಿಟ್ಟಿನ ಕೈಯಲ್ಲೇ ಓಡಿಬಂದರು. "ಸರಿಹೋಯ್ತಾ?"

"ಇಲ್ಲ ಅಳಿಯಂದಿರೇ, ಕೆಟ್ಟಿತು" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತ. "ಎಷ್ಟು ಚೆನ್ನಾಗಿ ಕೆಟ್ಟಿತು ಗೊತ್ತಾ."

ಬೇಕರಿಯವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಆಗ ಎಕ್ಸ್‌ಚೇಂಜಮ್ಮನಿಗೆ ಇನ್ನು ಬಚ್ಚಿಡುವುದು ಸರಿಯಲ್ಲ ಅನ್ನಿಸಿತು. ಮೊದಲ ಮೆಮೊರಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡರು. "ಮೊದಲ ಸಲ ಅದು ತಾನೇ ಸಡಿಲ ಆಗಿತ್ತು. ನೀವು ವಾಪಸ್ ತಂದಾಗ ಬಿಚ್ಚಿ ನೋಡಿದೆ. ಅಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ವರ್ಷಗಳಾಗಿತ್ತು. ಇವಳು ಎಷ್ಟು ಬಲ್ಲಳು ನೋಡೋಣ ಅಂತ ಆಸೆ ಆಯ್ತು. ಆಮೇಲೆ ಬಿಡೋಕಾಗಲಿಲ್ಲ."

ಬೇಕರಿಯವರು ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಅತ್ತೆಯನ್ನು ನೋಡಿದರು.

"ಅಂದ್ರೆ ನಾಲ್ಕು ತಿಂಗಳು ನಾನು ಹೊತ್ತಿದ್ದು..."

"ನನ್ನ ಕಾಗದಗಳನ್ನ" ಎಂದರು ಅತ್ತೆ ಸಣ್ಣ ದನಿಯಲ್ಲಿ.

ಬೇಕರಿಯವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. "ಒಂದು ಮಾತು ಹೇಳಿದ್ರೆ ಈ ಅಕ್ಕನ್ನೇ ಕರ್ಕೊಂಡು ಬರ್ತಿದ್ನಲ್ಲ ಅತ್ತೆ. ಅವರಿಗೆ ಕಾಲಿದೆ, ಅವರೇ ಹತ್ತುತ್ತಾರೆ. ಆ ಪೆಟ್ಟಿಗೆಗೆ ಕಾಲಿಲ್ಲ." ಹಿಟ್ಟಿನ ಕೈಯಿಂದ ಹಣೆ ಒರೆಸಿಕೊಂಡು ಹಣೆಯೆಲ್ಲ ಬೆಳ್ಳಗೆ ಮಾಡಿಕೊಂಡರು.

ಮೇಜನ್ನು ಕಿಟಕಿಯ ಕಡೆ ಒಯ್ಯುವುದೆಂದು ಮೂವರೂ ಎದ್ದರು. ಆದರೆ ಎಕ್ಸ್‌ಚೇಂಜಮ್ಮ ನಡೆಯುವುದು ಹೇಗೆ? ಡ್ರೈವರಕ್ಕ ಕೋಣೆಯನ್ನು ಒಂದು ಸುತ್ತು ನೋಡಿ, "ಮೇಜಿನ ಜೊತೆ ಮಂಚವನ್ನೂ ತಿರುಗಿಸಿಬಿಡೋಣ. ಮಂಚ ಈ ಬಿಸಿ ಗೋಡೆಗೆ ಬರಲಿ, ಮೇಜು ಅದರ ಆಚೆ ಬದಿಗೆ ಇರಲಿ. ಕಂಪ್ಯೂಟರಿಗೆ ಆಗದ ಬಿಸಿ ಮಂಡಿಗೆ ಆಗುತ್ತೆ" ಎಂದಳು. ಎಳೆದಾಡಿ, ಮೂಲೆಯ ಕಸ ಗುಡಿಸಿ, ಎಲ್ಲ ಹೊಸ ಜಾಗಕ್ಕೆ ಕೂರಿಸಿದರು. ಎಕ್ಸ್‌ಚೇಂಜಮ್ಮ ನಡುವೆ ಮಡಿಸಿದ ಹೊದಿಕೆಯೊಂದನ್ನು ಇಟ್ಟುಕೊಂಡು ಗೋಡೆಗೆ ಮಂಡಿ ಆನಿಸಿ ಕೂತು ಕಣ್ಣು ಮುಚ್ಚಿದರು. ಮೇಜಿನ ಮೇಲೆ ಯಂತ್ರ ಒಂದು ಗಂಟೆ ಕಮಕ್ ಕಿಮಕ್ ಅನ್ನದೆ ನಡೆಯಿತು. ಕೆಳಗಿನಿಂದ ಬೇಯುವ ಬನ್ನಿನ ವಾಸನೆ ಮೇಲೇರಿ ಬಂತು. ಮುಚ್ಚಿದ ಅಂಗಡಿಯ ಮುಂದೆ, ರಜೆ ಅಂತ ಗೊತ್ತಿದ್ದವರೂ ಮೂಗು ಅರಳಿಸಿ ನಿಂತಿದ್ದರು.

ಆಮೇಲಿನ ಸೋಮವಾರಗಳಲ್ಲಿ ಡ್ರೈವರಕ್ಕನೇ ಮೆಟ್ಟಿಲು ಹತ್ತತೊಡಗಿದಳು. ತನಗೆ ಬಗ್ಗದ ಯಂತ್ರಗಳ ಕಥೆ ಹೊತ್ತು ಹೋಗುತ್ತಿದ್ದಳು. ಎಕ್ಸ್‌ಚೇಂಜಮ್ಮ ಅರ್ಧ ಅರ್ಧ ಮಾಡುತ್ತ ಪ್ರಶ್ನೆ ಕೇಳುತ್ತಿದ್ದರು. ಬಿಸಿ ಗೋಡೆಯ ಪಕ್ಕ ಎರಡು ತಿಂಗಳು ಮಲಗಿದ ಮೇಲೆ ಮಂಡಿಯ ಬಿಗಿ ಸಡಿಲಾಯಿತು. ಮೊದಲು ಕೋಣೆಯೊಳಗೆ, ಆಮೇಲೆ ಹಿಟ್ಟಿನ ಮೂಟೆಗಳವರೆಗೆ ಇಳಿದರು. ಒಂದು ದಿನ ಹನ್ನೊಂದು ಗಂಟೆಯ ಬಿಸಿಲಲ್ಲಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಅಳಿಯನ ತೋಳು ಹಿಡಿದು ಡ್ರೈವರಕ್ಕನ ಅಂಗಡಿಯ ಹೊಸ್ತಿಲಲ್ಲಿ ಬಂದು ನಿಂತರು. ಡ್ರೈವರಕ್ಕ ಎದ್ದು ಕುರ್ಚಿ ಒರೆಸಿ ಕೂರಿಸಿದಳು. ನೀರು ಕೊಟ್ಟಳು. ಅವರು ನೀರು ಕುಡಿಯುವ ಮೊದಲೇ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಒಂದು ಯಂತ್ರದ ಕಡೆ ಬಾಗಿದ್ದರು.

"ಇದಕ್ಕೇನಾಗಿದೆ?"

ಡ್ರೈವರಕ್ಕ ಬೆಳಿಗ್ಗೆಯೇ ಅದರ ತಪ್ಪು ಹುಡುಕಿ ಮುಗಿಸಿದ್ದಳು. ಬಾಯಿಗೆ ಬಂದ ಉತ್ತರವನ್ನು ನುಂಗಿಕೊಂಡು, ಸ್ಕ್ರೂಡ್ರೈವರ್ ಅವರ ಕೈಗಿತ್ತು, ತಾನು ಎದುರಿನ ಸ್ಟೂಲಿನ ಮೇಲೆ ಕೂತಳು.

"ಹೇಳಲ್ಲ ಅಮ್ಮ. ನೀವೇ ನೋಡಿ."